ಫೋಲ್ಡರ್ ತೋರಿಸೆಂದರೆ ಅಕ್ಕನ ದನಿ ಕೇಳಿಸಿದ ಬ್ರೌಸರಿಗೆ

ಮಾನ್ಯ ಬ್ರೌಸರ್ ಮಹಾಶಯರೇ,

ಇತ್ತ ನಾವು ಕ್ಷೇಮ; ತಾವೂ ತಮ್ಮ ಅಷ್ಟೂ ಟ್ಯಾಬುಗಳೂ ಕ್ಷೇಮವೆಂದು ನಂಬಿ, ಕೆಲಸದ ನಡುವೆ ತೊಂದರೆ ಕೊಡುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಾನು ಕಿವಿ ಪರೀಕ್ಷೆ ಮಾಡುವವನು. ಗಾಜಿನ ಕಿಟಕಿಯಿರುವ ಸದ್ದಿಲ್ಲದ ಗೂಡಿನಲ್ಲಿ ಬಂದವರನ್ನು ಕೂರಿಸಿ, ಹೆಡ್‌ಫೋನ್ ತೊಡಿಸಿ, ಕೈಗೊಂದು ಗುಂಡಿ ಕೊಟ್ಟು, ಏನು ಕೇಳಿಸಿದರೂ ಒತ್ತಿ ಎಂದು ಹೇಳುವುದು ನಮ್ಮ ಪದ್ಧತಿ. ಆ ಹೆಡ್‌ಫೋನ್ ನನ್ನ ಮೇಜಿನ ಸ್ಪೀಕರಿನ ಜೊತೆ ತಾವು ವಾಸವಾಗಿರುವ ಕಂಪ್ಯೂಟರಿಗೇ ಸೇರಿಕೊಂಡಿದೆ ಎಂಬುದನ್ನು ದಯವಿಟ್ಟು ಗಮನದಲ್ಲಿಡಬೇಕು.

ಮೊನ್ನೆ ಬಸ್ ಚಾಲಕರೊಬ್ಬರು ಬಂದಿದ್ದರು. ಅವರ ಎಡಗಿವಿ ಸ್ವಲ್ಪ ಮಂದ. ಆ ಮಂದ ಹೋದ ವರ್ಷಕ್ಕಿಂತ ಹೆಚ್ಚಾಗಿರದಿದ್ದರೆ ಬಸ್ಸು ಓಡಿಸಬಹುದು, ಹೆಚ್ಚಾಗಿದ್ದರೆ ಸ್ಟಿಯರಿಂಗ್ ಬಿಟ್ಟು ಬಸ್ಸು ತೊಳೆಯುವ ಕೆಲಸಕ್ಕೆ ಹೋಗಬೇಕು ಎಂಬುದು ಡಿಪೋದವರ ನಿಯಮ. ಸಂಜೆಯೊಳಗೆ ಪ್ರಮಾಣಪತ್ರ ಕೊಡಬೇಕಿತ್ತು. ಹೋಲಿಸಿ ನೋಡಲು ಬೇಕಾದ ಹೋದ ವರ್ಷದ ವರದಿ ಮೇಲ್‌ನಲ್ಲಿ ಬಂದಿತ್ತು. ತಾವೇ ಅದನ್ನು ಇಳಿಸಿಕೊಟ್ಟಿರಿ. ಆ ವರದಿ ನಮ್ಮ ಪರೀಕ್ಷಾ ಯಂತ್ರದಲ್ಲಷ್ಟೇ ತೆರೆಯುವಂಥದ್ದಾದ್ದರಿಂದ, ಫೋಲ್ಡರ್‌ನಿಂದ ಎತ್ತಿ ಅದಕ್ಕೆ ಕೊಡೋಣವೆಂದು, ಚಾಲಕರು ಗೂಡಿನಲ್ಲಿ ಕಿವಿಗೊಟ್ಟು ಕೂತಿರುವಾಗಲೇ 'ಫೋಲ್ಡರ್‌ನಲ್ಲಿ ತೋರಿಸಿ' ಎಂಬ ತಮ್ಮ ಗುಂಡಿ ಒತ್ತಿದೆ.

ತಾವು ಹಾಡು ಕೇಳಿಸುವ ತಂತ್ರಾಂಶವನ್ನು ತೆರೆದಿರಿ. ಅದು ಫೋಲ್ಡರ್‌ನಲ್ಲಿ ಹಾಡು ಹುಡುಕಿ, ಹಾಡಿಲ್ಲದ್ದರಿಂದ ಅಲ್ಲೇ ಇದ್ದ, ನಮ್ಮ ಅಕ್ಕ ಕಳುಹಿಸಿದ್ದ ಧ್ವನಿ ಸಂದೇಶಗಳನ್ನು ಒಂದಾದ ಮೇಲೊಂದರಂತೆ ನುಡಿಸತೊಡಗಿತು.

"ಕಿವಿ ಪರೀಕ್ಷೆ ಅಂತ ಬೋರ್ಡು ಹಾಕ್ಕೊಂಡು ಕೂತಿದೀಯ, ಅಕ್ಕ ಹೇಳಿದ್ದು ಮಾತ್ರ ಕಿವಿಗೆ ಬೀಳಲ್ಲ. ಮೋಟಾರ್ ಆಫ್ ಮಾಡ್ದೇ ಹೋಗಿದೀಯಲ್ಲೋ, ಟ್ಯಾಂಕ್ ತುಂಬಿ ಮೆಟ್ಟಿಲೆಲ್ಲಾ ನೀರು! ಬಾ ಮನೆಗೆ, ಇದೆ ನಿಂಗೆ."

ಚಾಲಕರು ಕರ್ತವ್ಯನಿಷ್ಠರು. ಗಾಜಿನಾಚೆ ಮುಖ ಚಿಕ್ಕದು ಮಾಡಿಕೊಂಡು ಒಂದೊಂದು ಬೈಗುಳಕ್ಕೂ ತಪ್ಪದೆ ಗುಂಡಿ ಒತ್ತಿದರು. ಯಂತ್ರದಲ್ಲಿ ಅವರ ಎಡಗಿವಿಗೆ ಎಷ್ಟು ಕೇಳಿಸುತ್ತದೆಂದು ತೋರಿಸುವ ಗೆರೆ ಹಿಂದೆಂದೂ ಕಾಣದಷ್ಟು ಚೆನ್ನಾಗಿ ಮೂಡಿತು. ಹೊರಗೆ ಬಂದವರೇ, "ಎಲ್ಲಾ ಕೇಳಿಸ್ತು ಸರ್. ಆದ್ರೆ ದೇವರಾಣೆ, ಮೋಟಾರ್ ನಾನು ಆನ್ ಮಾಡಿದ್ದಲ್ಲ. ಇದನ್ನೂ ಡಿಪೋಗೆ ಬರೀತೀರಾ?" ಎಂದು ಕೇಳಿದರು.

ಪರೀಕ್ಷೆಯನ್ನು ಮೊದಲಿನಿಂದ ಮಾಡಿದ್ದಾಯಿತು. ಆದರೆ ವರದಿ ಬೇಕಲ್ಲ? ಬೇರೆ ದಾರಿಯಿಂದ ಫೋಲ್ಡರ್‌ಗೆ ಹೋಗಬಹುದಿತ್ತಲ್ಲ ಎಂದು ತಾವು ಕೇಳಬಹುದು. ಇಷ್ಟು ವರ್ಷ ತಮ್ಮೊಂದು ಗುಂಡಿಯನ್ನೇ ನಂಬಿ ಬಾಳಿದ ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ತಮ್ಮ ಸಹಾಯದ ಪುಟವು ಕಂಪ್ಯೂಟರನ್ನು ಕೇಳಿ ಎಂದಿತು, ಕಂಪ್ಯೂಟರಿನ ಸಹಾಯದ ಪುಟವು ತಮ್ಮನ್ನು ಕೇಳಿ ಎಂದಿತು. ತಮ್ಮನ್ನು ತೆಗೆದುಹಾಕಿ ಮತ್ತೆ ಹಾಕಿದೆ. ತಾವು ಹೊಸ ಹುರುಪಿನಿಂದ ಬಂದು ಅಕ್ಕನನ್ನು ಮೊದಲಿನಿಂದ ಕೇಳಿಸಿದಿರಿ. ಚಾಲಕರು ಗಡಿಯಾರ ನೋಡುತ್ತಾ, "ತೊಳೆಯೋ ಕೆಲಸವೇ ಆದ್ರೂ ಮಾಡ್ತೀನಿ ಸರ್, ಅಮ್ಮಾವ್ರನ್ನ ಸುಮ್ಮನಿರಿಸಿ" ಎಂದರು.

ಕೊನೆಗೆ ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದೆ. ಹಾಡಿನ ತಂತ್ರಾಂಶವು ಒಳಗೆ ಬರುವಾಗಲೇ ಫೋಲ್ಡರನ್ನೂ ತಾನು ತೆರೆಯಬಲ್ಲೆನೆಂದು ಹೆಸರು ಬರೆಸಿಕೊಂಡಿತ್ತಂತೆ; ತಾವು ಪಟ್ಟಿಯಲ್ಲಿ ಮೊದಲು ಕಂಡ ಹೆಸರನ್ನೇ ಕರೆದಿರಂತೆ. "ಬಾಗಿಲು ತೆಗೀತೀನಿ ಅಂತ ಯಾರು ಮೊದಲು ಕೈಯೆತ್ತಿದ್ರೋ ಅವರಿಗೇ ಬೀಗದಕೈ ಕೊಟ್ಟಿದೆ ಸರ್ ಇದು" ಎಂದು ನಕ್ಕು, ಫೋಲ್ಡರ್ ತೆರೆಯುವ ಹಕ್ಕನ್ನು ಅದಕ್ಕೆಂದೇ ಇರುವ ತಂತ್ರಾಂಶಕ್ಕೆ ಒಪ್ಪಿಸಿ ಹೋದರು. ವರದಿ ಸಿಕ್ಕಿತು. ಎಡಗಿವಿಯ ಮಂದ ಹೋದ ವರ್ಷ ಎಷ್ಟಿತ್ತೋ ಈಗಲೂ ಅಷ್ಟೇ. ಡಿಪೋ ಬಾಗಿಲು ಮುಚ್ಚುವ ಮೊದಲೇ ಪ್ರಮಾಣಪತ್ರವನ್ನು ಮೇಲ್ ಮಾಡಿದೆ.

ಅರ್ಹತೆ ಕೇಳದೆ, ಜ್ಯೇಷ್ಠತೆ ನೋಡದೆ, ಮುಂದೆ ನಿಂತವನಿಗೆ ಕೆಲಸ ಕೊಡುವ ತಮ್ಮ ವಿಶಾಲ ಹೃದಯವನ್ನು ಮೆಚ್ಚಲೇಬೇಕು. ಆದರೂ ನನ್ನ ಕೆಲವು ಕೋರಿಕೆಗಳಿವೆ. ತಾವು ಖುದ್ದಾಗಿ ಬಂದು, ಮೋಟಾರಿಗೂ ಚಾಲಕರಿಗೂ ಸಂಬಂಧವಿಲ್ಲವೆಂದು ಸಹಿ ಮಾಡಿಕೊಡಬೇಕು. ನಮ್ಮ ಮನೆಯ ಮಾತು ಪರರ ಕಿವಿಗೆ ಹೇಗೆ ಹೋಯಿತೆಂಬುದನ್ನು ಅಕ್ಕನಿಗೆ ತಾವೇ ವಿವರಿಸಬೇಕು, ನನ್ನಿಂದಾಗದು. ಬಿಡುವಾದಾಗ ಒಮ್ಮೆ ಆ ಗೂಡಿನಲ್ಲಿ ಕೂತು, ಉಳಿದ ಸಂದೇಶಗಳನ್ನೆಲ್ಲ ಕೇಳಿ, ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು.

ತಮ್ಮ ಕೃಪೆಯನ್ನು ನಿರೀಕ್ಷಿಸುತ್ತಿರುವ,
ತಮ್ಮ ವಿಶ್ವಾಸಿ,
ಕಿವಿ ಪರೀಕ್ಷಕ

ತಾ.ಕ.: ಡಿಪೋದ ಗುಮಾಸ್ತರು ಈಗಷ್ಟೇ ಫೋನ್ ಮಾಡಿದ್ದರು. ಅವರ ಕಚೇರಿಯಲ್ಲೂ ತಾವೇ ಇದ್ದೀರಂತೆ. "ಸರ್, ನೀವು ಕಳಿಸಿದ ಪ್ರಮಾಣಪತ್ರ ಎಲ್ಲಿದೆ ಅಂತ ನೋಡೋಕೆ ಹೋದ್ರೆ ಬರೀ ಹಾಡು ಬರ್ತಾ ಇದೆ" ಎಂದರು. ರಿಪೇರಿಯವರ ನಂಬರ್ ಕೊಟ್ಟು, ಹಾಡು ಮುಗಿಯುವವರೆಗಾದರೂ ಚಾಲಕರನ್ನು ಬಸ್ಸಿನಿಂದ ಇಳಿಸಬೇಡಿ ಎಂದು ಕೇಳಿಕೊಂಡಿದ್ದೇನೆ.