ತಾಂಜಾನಿಯಾಕ್ಕೆ ಹೊರಟ ಮಡ್ಲಕ್ಕಿ

ವಿಮಾನಕ್ಕೆ ಹೇರುವ ಮುಂಚೆ ತೂಕ ನೋಡೋಣವೆಂದು ತೋಟಪ್ಪನ ಶೇಂಗಾ ಮಂಡಿಯ ತಕ್ಕಡಿಯ ಮೇಲೆ ಸೂಟ್‌ಕೇಸು ಇಟ್ಟೆ ನೋಡಿ, ಅದರ ಜಿಪ್ಪು ಬಾಯಿ ಬಿಟ್ಟಿತು. ಒಳಗಿಂದ ನನ್ನ ಬಿಳಿ ಅಂಗಿಗಳು ಇಣುಕಬೇಕಿತ್ತು; ಇಣುಕಿದ್ದು ಅಕ್ಕಿ. ಇಣುಕಿ ಸುಮ್ಮನಾಗದೆ ಸರಸರನೆ ಸುರಿದು, ಹಮಾಲರ ಕಾಲಡಿಯ ಶೇಂಗಾದ ಜೊತೆ ಬೆರೆತುಹೋಯಿತು. ಹಿಂದೆಯೇ ಒಂದು ಕೊಬ್ಬರಿ ಬಟ್ಟಲು ಉರುಳಿಕೊಂಡು ಹೋಗಿ ತೋಟಪ್ಪನ ಪಾದಕ್ಕೆರಗಿತು.

“ಏನ್ಲೇ ಶಶಿಕಾಂತ, ಫಾರಿನ್ನಿಗೆ ಹೊಂಟೀಯೋ, ಗಂಡನ ಮನೆಗೆ ಹೊಂಟೀಯೋ?” ಎಂದ ತೋಟಪ್ಪ.

ಮಂಡಿಗೆ ಮಂಡಿಯೇ ನಕ್ಕಿತು. ಬೊಗಸೆಯಲ್ಲಿ ಅಕ್ಕಿ ಬಾಚುತ್ತಾ, ನಡುನಡುವೆ ಶೇಂಗಾ ಆರಿಸಿ ಹಾಕುತ್ತಾ ನಾನೂ ನಕ್ಕೆ. (ಅವಮಾನವಾದಾಗ ಎಲ್ಲರಿಗಿಂತ ಜೋರಾಗಿ ನಕ್ಕುಬಿಡುವುದು ನಾನು ಮದುವೆಯಾದ ಮೇಲೆ ಕಲಿತ ವಿದ್ಯೆ.)

ವಿಷಯ ಇಷ್ಟೇ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ತಲೆ ನೆರೆಯುವವರೆಗೆ ದುಡಿದ ನನಗೆ, ತಾಂಜಾನಿಯಾದ ಒಂದು ಶೇಂಗಾ ಎಣ್ಣೆ ಮಿಲ್ಲಿನ ಮ್ಯಾನೇಜರ್ ಪಟ್ಟ ಒಲಿದಿತ್ತು. ಎಣ್ಣೆ ಕಲೆಯಿಲ್ಲದ ಅಂಗಿ ನಾನು ತೊಟ್ಟವನೇ ಅಲ್ಲ. ಅಲ್ಲಿಯಾದರೂ ನನ್ನನ್ನು ಮೊದಲ ಸಲ ಕಂಡವರು ‘ಮ್ಯಾನೇಜರ್ ಬಂದರು’ ಎನ್ನಬೇಕೇ ಹೊರತು ‘ಫಿಟ್ಟರ್ ಬಂದ’ ಎನ್ನಬಾರದೆಂದು ಪಣ ತೊಟ್ಟು ಬಿಳಿ ಅಂಗಿಗಳನ್ನು ಹೊಲಿಸಿದ್ದೆ. ಆ ಅಂಗಿಗಳಿಗೂ ವಿಮಾನಕ್ಕೂ ನಡುವೆ ಅಡ್ಡ ನಿಂತದ್ದು ನನ್ನ ಧರ್ಮಪತ್ನಿ ವಾಣಿಶ್ರೀಯ ಮಡ್ಲಕ್ಕಿ.

ದೂರ ಹೊರಟ ಹೆಣ್ಣುಮಗಳನ್ನು ಮಡಿಲು ತುಂಬದೆ ಕಳಿಸುವವರು ನಮ್ಮ ಕಡೆ ಇಲ್ಲ. ಬೀದಿಯ ಮನೆಮನೆಯವರೂ ಕರೆದು ಅವಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಹಾಕಿದ್ದರು. ಅದನ್ನು ಬಿಟ್ಟುಹೋಗುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ತುಂಬಿಸಿಕೊಂಡವಳ ಮನೆಯಲ್ಲೇ ಬೇಯಬೇಕು. ಅದಕ್ಕೇ ಅವಳು ನನಗೆ ಹೇಳದೆ ಅಂಗಿಗಳನ್ನು ತೆಗೆದು ಅಕ್ಕಿ ತುಂಬಿದ್ದಳು.

“ತಾಂಜಾನಿಯಾದಾಗೂ ಅಕ್ಕಿ ಸಿಗ್ತೈತೆ ಕಣೇ!” ಎಂದೆ, ಮಂಡಿಯಿಂದ ಬಂದವನೇ.

“ಅಕ್ಕಿ ಸಿಗ್ತೈತೆ. ಮಡ್ಲಕ್ಕಿ ಸಿಗ್ತೈತಾ?”

“ವಿಮಾನದೋರು ತೂಕ ಹಾಕ್ತಾರೆ!”

“ಹಾಕ್ಲಿ ಬಿಡ್ರಿ. ನಾವೇನು ಕದ್ದು ತಗಂಡು ಹೋಗ್ತಿದೀವಾ?”

ಆಗ ನನಗೆ ಆ ಮಹಾಯೋಜನೆ ಹೊಳೆಯಿತು. ಇವಳ ಮನೆಯಲ್ಲೇ ಬೇಯಬೇಕು ತಾನೇ? ಈ ಮನೆಯೂ ಇವಳದೇ. (ನನ್ನದೆಂದು ನಾನು ಎಂದೂ ವಾದಿಸಿಲ್ಲ.) ಹೊರಡುವ ಮೊದಲೇ ಬೇಯಿಸಿ ಉಂಡುಬಿಟ್ಟರೆ ಶಾಸ್ತ್ರವೂ ಉಳಿಯಿತು, ತೂಕವೂ ಇಳಿಯಿತು!

ವಾಣಿ ಕೊಂಚ ಯೋಚಿಸಿ ಒಪ್ಪಿದಳು. “ಆದ್ರೆ ಒಂದಗಳೂ ಬಿಡಂಗಿಲ್ಲ. ಉಣ್ಣೋರು ನಾವಿಬ್ರೇ.”

ಅಂದಿನಿಂದ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಬೆಲ್ಲದನ್ನ, ರಾತ್ರಿ ಅಕ್ಕಿ ಪಾಯಸ. ಮುದ್ದೆಗಾಗಿ ಜೀವ ಹಂಬಲಿಸುತ್ತಿದ್ದರೂ ರಣರಂಗದ ವೀರನಂತೆ ಉಂಡೆ. ಅಕ್ಕಿಯೆಲ್ಲ ಸೂಟ್‌ಕೇಸಿನಿಂದ ನನ್ನ ಹೊಟ್ಟೆಗೆ ವರ್ಗವಾಯಿತು. ಬಿಳಿ ಅಂಗಿ ತೊಟ್ಟು ನೋಡಿದೆ. ಉಸಿರು ಬಿಗಿಹಿಡಿದರೆ ಗುಂಡಿ ಕೂರುತ್ತಿತ್ತು. ಮ್ಯಾನೇಜರಾದವನು ಜಾಸ್ತಿ ಉಸಿರಾಡಬೇಕಾದ್ದೇನಿದೆ ಎಂದುಕೊಂಡು, ಅಂಗಿಗಳಿಗೆ ಇಸ್ತ್ರಿ ಮಾಡಿ ಸೂಟ್‌ಕೇಸಿನಲ್ಲಿ ಪ್ರತಿಷ್ಠಾಪಿಸಿದೆ.

ಹೊರಡುವ ಹಿಂದಿನ ದಿನ ಅತ್ತೆಯವರ ಆಶೀರ್ವಾದಕ್ಕೆಂದು ಕೊಂಡ್ಲಹಳ್ಳಿಗೆ ಹೋದೆವು. ನನ್ನ ನಾಲಿಗೆಗೆ ಏನು ಬಂದಿತ್ತೋ! ನನ್ನ ಜಾಣತನವನ್ನು ಅತ್ತೆ ದ್ರಾಕ್ಷಾಯಣಮ್ಮನವರ ಮುಂದೆ ಸವಿಸ್ತಾರವಾಗಿ ಬಣ್ಣಿಸಿಬಿಟ್ಟೆ.

ಅತ್ತೆಯ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. “ಅಯ್ಯೋ ಶಿವನೇ! ಎಲ್ಲಾ ಉಂಡು ಮುಗಿಸಿದ್ರಾ? ಬರೀ ಮಡ್ಲಾಗೆ ನನ್ನ ಮಗಳು ಸಮುದ್ರ ದಾಟ್ತಾಳಾ?”

“ನಾನೂ ಅದನ್ನೇ ಅಂದೆ ಕಣವ್ವ. ಇವ್ರೇ ಕೇಳ್ಲಿಲ್ಲ,” ಎಂದಳು ವಾಣಿ. (ಅಂದಿರಲಿಲ್ಲ. ದೇವರಾಣೆ ಅಂದಿರಲಿಲ್ಲ.)

“ಹಂಗಲ್ಲ ಅತ್ತೆ, ವಿಮಾನದೋರು ತೂಕ…”

“ವಿಮಾನದೋರಿಗೆ ಅಕ್ಕ-ತಂಗೇರಿಲ್ವೇನಪ್ಪಾ?”

ಅಷ್ಟರಲ್ಲಿ ಸುದ್ದಿ ಊರು ಸುತ್ತಿಬಂತು. ಮನೆಮನೆಯಿಂದ ಮೊರಗಳು ಹೊರಟವು. ಚಳ್ಳಕೆರೆಯವರು ತುಂಬಿದ್ದು ಮಡಿಲಾದರೆ ಕೊಂಡ್ಲಹಳ್ಳಿಯವರು ತುಂಬಿದ್ದು ಕಣಜ. ವಾಪಸು ಬರುವಾಗ ಬಸ್ಸಿನಲ್ಲಿ ಚೀಲದ ಮೇಲೆ ನಾನು, ನನ್ನ ಮೇಲೆ ಚೀಲ. ದಾರಿಯಲ್ಲಿ ತಳಕು ಊರು ದಾಟಿದ್ದು ಕಂಡಕ್ಟರ್ ಕೂಗಿದ್ದರಿಂದ ತಿಳಿಯಿತು.

ಮನೆ ಸೇರಿ, ನಾನು ಮುಖ ತೊಳೆದು ಬರುವಷ್ಟರಲ್ಲಿ ಬಿಳಿ ಅಂಗಿಗಳು ಮಂಚದ ಮೇಲೆ ಸಾಲಾಗಿ ಮಲಗಿದ್ದವು. ವಾಣಿ ಸೂಟ್‌ಕೇಸಿನ ಮೇಲೆ ಕೂತು ಹಲ್ಲು ಕಚ್ಚಿ ಜಿಪ್ಪು ಎಳೆಯುತ್ತಿದ್ದಳು.

“ವಾಣಿ, ನಾನಲ್ಲಿ ಮ್ಯಾನೇಜರು ಕಣೇ! ಮಿಲ್ಲಿಗೆ ಏನು ತೊಟ್ಕಂಡು ಹೋಗ್ಲಿ?”

ಅವಳು ಜಿಪ್ಪನ್ನು ಪೂರ್ತಿ ಎಳೆದು, ಎದ್ದು ನಿಂತು, ಸೆರಗಿನಿಂದ ಬೆವರೊರೆಸಿಕೊಂಡಳು.

“ರವಿಕೆ ಕಣ ಬೇಕಾದಷ್ಟು ಬಂದಾವೆ. ಎರಡು ಕೂಡಿಸಿದ್ರೆ ನಿಮಗೊಂದು ಅಂಗಿ ಆಗ್ತೈತೆ. ತೋಳು ಬ್ಯಾರೆ ಬಣ್ಣ ಬರ್ತೈತೆ, ಅಷ್ಟೇ.”