ನಿಂಬೆಹಣ್ಣು ಒಡೆಯದ ಟೈರು

"ಟೈರನ್ನು ಕಣ್ಣಳತೆಯಲ್ಲಿ ಆರಿಸುವವನು ಗಿರಾಕಿ, ಅಳತೆ ಹಿಡಿದು ಆರಿಸುವವನು ವಿಜ್ಞಾನಿ" ಎಂದು ನವೀನ ಘೋಷಿಸಿದಾಗ ಹೊಸಮನೆ ಬಡಾವಣೆಯ ಆ ಪುಟ್ಟ ಅಡುಗೆಮನೆಯಲ್ಲಿ ಕೇಳಲು ಇದ್ದವರು ಹೆಂಡತಿ ತನುಶ್ರೀ ಮತ್ತು ಒಂದು ಕುಕ್ಕರ್. ಉತ್ತರ ಕೊಟ್ಟದ್ದು ಕುಕ್ಕರ್ ಮಾತ್ರ.

ನವೀನ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಈ ಘೋಷಣೆಗೆ ಕಾರಣ ಅತ್ತೆ ಕಾಳಮ್ಮ. ಮಂಡಿ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದ ಆಕೆ, ಗೌರಿ ಹಬ್ಬಕ್ಕೆ ತಮ್ಮ ಮನೆ ಸೇರಲೇಬೇಕೆಂದು ಹಟ ಹಿಡಿದಿದ್ದರು. ಆ ಮನೆ ಇರುವುದು ಭದ್ರಾವತಿಯಿಂದಾಚೆ, ಚಾನೆಲ್ ಏರಿಯ, ಅಂದರೆ ಕಾಲುವೆ ದಂಡೆಯ, ಮಣ್ಣುದಾರಿಯ ಕೊನೆಯಲ್ಲಿ. ಮಳೆಗಾಲದಲ್ಲಿ ಅಲ್ಲಿಗೆ ಹೋಗುವವರು ಟಾರು ರಸ್ತೆಯಲ್ಲೇ ಇಳಿದು, ಚಪ್ಪಲಿ ಕೈಗೆತ್ತಿಕೊಂಡು, ಕೆಸರು ತುಳಿಯುತ್ತ ಸಾಗಬೇಕು. ಈ ಸಲ ಅದು ಆಗದ ಮಾತು. "ಕಾಲು ಜಾರಿದ್ರೆ ಹೊಸ ಮಂಡಿ ಕಥೆ ಮುಗೀತು" ಎಂದು ಡಾಕ್ಟರು ಎಚ್ಚರಿಸಿದ್ದರು.

"ಅತ್ತೆ, ನಿಮ್ಮ ಕಾಲಿಗೆ ಒಂದು ಹನಿ ಕೆಸರು ತಾಗದ ಹಾಗೆ ಬಾಗಿಲಿಗೇ ಬಿಡ್ತೀನಿ" ಎಂದು ನವೀನ ಮಾತು ಕೊಟ್ಟುಬಿಟ್ಟಿದ್ದ. ಮನೆಯಲ್ಲಿ ಒಂದು ಹಳೆಯ ಫೋರ್ ವೀಲ್ ಡ್ರೈವ್ ಜೀಪಿತ್ತು. ನಾಲ್ಕು ಚಕ್ರಕ್ಕೂ ಬಲವಿತ್ತು, ಟೈರು ಮಾತ್ರ ನಾಲ್ಕೂ ಬೋಳು.

ಆಲ್ಕೊಳ ಸರ್ಕಲ್ ಹತ್ತಿರದ ಅಂಗಡಿಯಲ್ಲಿ ರೂಪೇಶ್ ಒಂದು ಟೈರನ್ನು ಉರುಳಿಸಿ ತಂದ. "ಸಾರ್, ರೋಡಿಗೂ ಆಗುತ್ತೆ, ಒಂಚೂರು ಮಣ್ಣಿಗೂ ಆಗುತ್ತೆ. ಎಲ್ರೂ ಇದನ್ನೇ ಒಯ್ಯೋದು."

"ಎಲ್ರ ಅತ್ತೇನೂ ಚಾನೆಲ್ ಏರಿ ಮೇಲಿರಲ್ಲ, ರೂಪೇಶ್" ಎಂದ ನವೀನ, ಕಾಲೇಜಿನ ಲ್ಯಾಬಿನಿಂದ ತಂದ ವರ್ನಿಯರ್ ಕ್ಯಾಲಿಪರನ್ನು ಜೇಬಿನಿಂದ ತೆಗೆದ. ಅಂಗಡಿಯಲ್ಲಿದ್ದ ಒಂದೊಂದು ಟೈರಿನ ತೋಡನ್ನೂ ಅಳೆದ. ತೋಡು ಆಳವಾದಷ್ಟೂ ಕೆಸರು ಕಚ್ಚುತ್ತದೆ, ಅಗಲವಾದಷ್ಟೂ ಕಚ್ಚಿದ ಕೆಸರು ಸಿಡಿದು ಹೋಗುತ್ತದೆ. ಪಕ್ಕದ ರಬ್ಬರು ದಪ್ಪಗಿದ್ದರೆ ಕಲ್ಲಿಗೆ ಹರಿಯುವುದಿಲ್ಲ. ಈ ಮೂರರಲ್ಲೂ ಗೆದ್ದದ್ದು ಮೂಲೆಯಲ್ಲಿ ಯಾರೂ ಕೇಳದೆ ಧೂಳು ಹಿಡಿದಿದ್ದ ಒಂದು ಜಾತಿ. ಮೊಸಳೆಯ ಬೆನ್ನಿನ ಹಾಗಿತ್ತು.

"ರೋಡಲ್ಲಿ ಗುಂಯ್ ಅಂತ ಕೂಗುತ್ತೆ ಸಾರ್" ಎಂದ ರೂಪೇಶ್.

"ಕೂಗಲಿ. ಲೋಕಕ್ಕೆ ಗೊತ್ತಾಗಲಿ."

ಹೊರಡುವ ದಿನ ಬೆಳಿಗ್ಗೆ ಜೀಪಿಗೆ ಪೂಜೆಯಾಯಿತು. ಕುಂಕುಮ ಹಚ್ಚಿ, ಹೂವಿಟ್ಟು, ಕಾಯಿ ಒಡೆದು, ಚಕ್ರಕ್ಕೊಂದರಂತೆ ನಿಂಬೆಹಣ್ಣು ಇಟ್ಟದ್ದೂ ಆಯಿತು. ಕಾಳಮ್ಮ ಕೋಲೂರಿ ಜಗಲಿಯಲ್ಲಿ ನಿಂತರು. "ನಾಲ್ಕೂ ಚಪ್ಪಟೆ ಆಗ್ಲಿ ಅಳಿಯಂದ್ರೇ, ಆಮೇಲೆ ಹತ್ತೀನಿ."

ನವೀನ ಗಂಭೀರವಾಗಿ ಜೀಪನ್ನು ಮುಂದಕ್ಕೆ ಬಿಟ್ಟ. ಪಚಕ್ ಎನ್ನುವ ಸದ್ದು ಬರಬೇಕಿತ್ತು. ಬರಲಿಲ್ಲ. ಇಳಿದು ನೋಡಿದ. ಎರಡು ಹಣ್ಣು ಅಂಗಳದ ಹಸಿ ಮಣ್ಣಿನಲ್ಲಿ ಹೂತು ಕುಳಿತಿದ್ದವು. ಇನ್ನೆರಡು, ತಾನೇ ಅಳೆದು ಆರಿಸಿದ ಆ ಆಳವಾದ, ಅಗಲವಾದ ತೋಡಿನೊಳಗೆ ತೊಟ್ಟಿಲ ಮಗುವಿನಂತೆ ಮಲಗಿದ್ದವು.

"ಹಣ್ಣು ಎಲ್ಲಿ?" ಕೇಳಿದರು ಕಾಳಮ್ಮ.

"ಟೈರೊಳಗಿದೆ ಅತ್ತೆ. ಅಂದ್ರೆ... ಕ್ಷೇಮವಾಗಿದೆ."

ಕಾಳಮ್ಮನ ಮುಖ ಸಣ್ಣದಾಯಿತು. "ಹೊಸ ಮಂಡಿ ಇಟ್ಕೊಂಡು ಇದನ್ನ ಹತ್ಲಾ?"

"ರೀ, ನಿಂಬೆಹಣ್ಣಿಗೂ ಆ ವರ್ನಿಯರ್ ಹಿಡಿದಿದ್ರೆ ಆಗ್ತಿತ್ತಲ್ಲ" ಎಂದಳು ತನುಶ್ರೀ.

ಮೂಲೆ ಅಂಗಡಿಯಿಂದ ದಪ್ಪ ಹಣ್ಣುಗಳು ಬಂದವು. ಮಣ್ಣಿನ ಸಹವಾಸವೇ ಬೇಡವೆಂದು ಜೀಪು ಕಾಂಕ್ರೀಟು ರಸ್ತೆಗೆ ಇಳಿಯಿತು. ಟೈರಿನ ಹಲ್ಲು ಒಂದು ಹಣ್ಣಿನ ಅಂಚಿಗೆ ಬಡಿದದ್ದೇ ತಡ, ಅದು ಹಾರಿ ಎದುರುಮನೆ ಗುರುಪ್ರಸಾದರ ಗೇಟಿಗೆ ಠಣ್ಣೆಂದು ಹೊಡೆಯಿತು. ಉಳಿದವು ಜಾರಿ ಚರಂಡಿ ಸೇರಿದವು.

"ಪ್ರಾಕ್ಟಿಕಲ್ಸ್ ಇಲ್ಲೇ ಶುರು ಮಾಡಿದ್ರಾ ಮೇಷ್ಟ್ರೇ?" ಎಂದರು ಗುರುಪ್ರಸಾದ್ ಗೇಟಿನೊಳಗಿಂದ.

ನವೀನನಿಗೆ ಅಳು ಬರುವಂತಾಯಿತು. ಒತ್ತಡವೆಂದರೆ ಬಲ ಭಾಗಿಸು ವಿಸ್ತೀರ್ಣ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಟ್ಟವನು ಅವನು. ಅಷ್ಟು ಭಾರದ ಜೀಪಿಗೆ ಒಂದು ಹುಳಿಹಣ್ಣು ಬಗ್ಗುತ್ತಿಲ್ಲ. ತನುಶ್ರೀ ಕಿವಿಯಲ್ಲಿ ಪಿಸುಗುಟ್ಟಿದಳು: "ಅಮ್ಮ ನೀರು ಕುಡಿಯೋಕೆ ಒಳಗೆ ಹೋಗಿದಾಳೆ. ಚೀಲದಲ್ಲಿ ಉಳಿದಿರೋ ಹಣ್ಣು ಇಟ್ಟು ಕಾಲಲ್ಲಿ ತುಳಿದುಬಿಡಿ."

ಅವನು ಅಂಗಳದ ಬಾಯಲ್ಲಿದ್ದ ಚಪ್ಪಡಿಯ ಮೇಲೆ ಹಣ್ಣಿಟ್ಟು ಕಾಲೆತ್ತಿದ. ಕಿಟಕಿಯಿಂದ ದನಿ ಬಂತು. "ಅಳಿಯಂದ್ರೇ, ಪೂಜೆ ಗಾಡಿಗೋ ನಿಮ್ಮ ಚಪ್ಪಲಿಗೋ?"

ಎತ್ತಿದ ಕಾಲನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ನವೀನ ಕೊಕ್ಕರೆಯಂತೆ ನಿಂತ. ಅಷ್ಟರಲ್ಲಿ ಕಾಳಮ್ಮನನ್ನು ದಿನವೂ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಆಟೋದ ಬೀರಪ್ಪ, ಅಜ್ಜಿ ಊರಿಗೆ ಹೊರಟಿದ್ದಾರೆಂದು ಮಾತಾಡಿಸಲು ಬಂದು, ಸೀದಾ ಅಂಗಳಕ್ಕೇ ಆಟೋ ನುಗ್ಗಿಸಿದ. ನವೀನ ಪಕ್ಕಕ್ಕೆ ಹಾರಿದ.

ಪಚಕ್.

ಆಟೋದ ಬೋಳು ಮುಂಚಕ್ರದಡಿಯಲ್ಲಿ ನವೀನನ ಹಣ್ಣು ರೂಪಾಯಿ ನಾಣ್ಯದಷ್ಟು ಚಪ್ಪಟೆಯಾಗಿತ್ತು.

ಕಾಳಮ್ಮ ಹೊರಬಂದು ಕೈಮುಗಿದರು. "ತನೂ, ನನ್ನ ಚೀಲ ಆಟೋಗೆ ಇಡು."

"ಅತ್ತೆ, ಆ ಏರಿ ಮೇಲೆ ಆಟೋ ಹೋಗಲ್ಲ. ಆ ಕೆಸರಿಗೆ ಅಂತಾನೇ ಈ ಟೈರು..."

"ನಿಂಬೆಹಣ್ಣು ಒಡೆಯಕ್ಕೆ ಆಗ್ದಿದ್ದು ಕೆಸರು ತುಳಿಯುತ್ತಾ? ಸುಮ್ನಿರಿ ಮಾರಾಯ್ರೇ."

ಹಾಗೆ ಮೆರವಣಿಗೆ ಹೊರಟಿತು. ಮುಂದೆ ಆಟೋ, ಅದರೊಳಗೆ ತಾಯಿ ಮಗಳು. ಹಿಂದೆ ಖಾಲಿ ಜೀಪು, ಅದರೊಳಗೆ ಭೌತಶಾಸ್ತ್ರ. ಭದ್ರಾವತಿ ಮುಟ್ಟುವವರೆಗೂ ಟೈರು ಗುಂಯ್‌ಗುಟ್ಟಿತು. ಲೋಕಕ್ಕೆಲ್ಲ ಗೊತ್ತಾಯಿತು.

ಏರಿಯ ಮೇಲೆ ಸ್ವಲ್ಪ ದೂರ ಹೋಗುವುದರೊಳಗೆ ಆಟೋ ಕೆಸರಿನಲ್ಲಿ ಕುಸಿಯಿತು. ಬೀರಪ್ಪ ಎಷ್ಟು ರೇಸ್ ಮಾಡಿದರೂ ಹಿಂದಿನ ಚಕ್ರಗಳು ಇದ್ದಲ್ಲೇ ಸುತ್ತಿದವು. ನವೀನನ ಎದೆಯಲ್ಲಿ ಬೆಳಗಿನಿಂದ ಮೊದಲ ಬಾರಿಗೆ ದೀಪ ಹತ್ತಿತು. ಜೀಪನ್ನು ಆಟೋದ ಪಕ್ಕಕ್ಕೇ ತಂದು ಬಾಗಿಲು ತೆರೆದ. "ಬನ್ನಿ ಅತ್ತೆ, ಕಾಲು ನೆಲಕ್ಕೇ ತಾಗಲ್ಲ. ಇಲ್ಲಿಂದ ಇಲ್ಲಿಗೆ."

ಕಾಳಮ್ಮ ಕದಲಲಿಲ್ಲ. "ಹಣ್ಣು ಒಡೀದೆ ಹತ್ತಲ್ಲ ಅಂದ್ಮೇಲೆ ಹತ್ತಲ್ಲ. ಬೇಕಾದ್ರೆ ಹಗ್ಗ ಕಟ್ಟಿ."

ನವೀನ ಕೆಸರಿನಲ್ಲಿ ಮಂಡಿಯವರೆಗೆ ಇಳಿದು ಆಟೋವನ್ನು ಜೀಪಿನ ಹಿಂಭಾಗಕ್ಕೆ ಬಿಗಿದ. ನಾಲ್ಕೂ ಚಕ್ರಕ್ಕೆ ಬಲ ಕೊಟ್ಟ. ಮೊಸಳೆಬೆನ್ನು ಕೆಸರನ್ನು ಕಚ್ಚಿತು, ಕಚ್ಚಿದ್ದನ್ನು ಹೊರಗೆಸೆಯಿತು, ಒಮ್ಮೆಯೂ ಜಾರಲಿಲ್ಲ. ಎಸೆದ ಕೆಸರು ತಾಯಿ ಮಗಳಿಗೆ ಸಿಡಿಯದಂತೆ ಬೀರಪ್ಪ ಆಟೋದ ಎರಡೂ ಪಕ್ಕಕ್ಕೆ ಟಾರ್ಪಾಲು ಇಳಿಬಿಟ್ಟ. ಎಣಿಸಿದ ಹಾಗೆಯೇ, ಪಾಠದಲ್ಲಿ ಬರೆದ ಹಾಗೆಯೇ, ಜೀಪು ಅಂಗಳ ತಲುಪಿತು.

ಕಾಳಮ್ಮನ ಹಿರಿ ಸೊಸೆ ಆರತಿತಟ್ಟೆ ಹಿಡಿದು ಬಂದವಳು ಜೀಪನ್ನು ದಾಟಿ ಆಟೋಗೆ ಬೆಳಗಿದಳು. ಕಾಳಮ್ಮ ಆಟೋದಿಂದ ನೇರ ಜಗಲಿಯ ಕಲ್ಲಿನ ಮೇಲೆ ಕಾಲಿಟ್ಟರು. ನವೀನ ಬಗ್ಗಿ ನೋಡಿದ. ಪಾದದ ಮೇಲೆ ಒಂದು ಹನಿ ಕೆಸರೂ ಇರಲಿಲ್ಲ. ಕೊಟ್ಟ ಮಾತು ಉಳಿದಿತ್ತು. ಅಷ್ಟೇ ಸಾಕೆಂದು ಅವನು ಮುಖದ ಮಣ್ಣು ಒರೆಸಿಕೊಂಡ.

ಪಕ್ಕದ ಮನೆಯಾಕೆ ಕೂಗಿ ಕೇಳಿದಳು: "ಈ ಕೆಸರಲ್ಲಿ ಹೆಂಗ್ ಬಂದ್ರಿ ಕಾಳಮ್ಮ?"

"ನಮ್ಮ ಬೀರಪ್ಪನ ಆಟೋ ಕಣೇ. ಬಾಗಿಲತನಕ ಬಂತು" ಎಂದ ಕಾಳಮ್ಮ, ಹಗ್ಗದ ಆಚೆ ತುದಿಯಲ್ಲಿದ್ದ ಅಳಿಯನತ್ತ ಪ್ರೀತಿಯಿಂದ ತಿರುಗಿದರು. "ಅಳಿಯಂದ್ರೇ, ಮುಂದಿನ ಸಲ ಟೈರು ತಗೊಳ್ಳೋವಾಗ ಇವನನ್ನ ಜೊತೇಲಿ ಕರ್ಕೊಂಡು ಹೋಗಿ."