ತಾರಾನಾಥನ ಡಿಸ್ಕ್ ಸಫಾಯಿ

ತಾರಾನಾಥನಿಗೆ ಬೆಳಿಗ್ಗೆಯೇ ತಲೆ ಕೆಟ್ಟಿತ್ತು. ನಾಳೆ ಟಿಟ್ವಾಳಾದಲ್ಲಿ ಅವನ ನಿಶ್ಚಿತಾರ್ಥ. ಇವತ್ತೇ ವಾಶಿಯ ಆಫೀಸಿನಲ್ಲಿ ಯುನಿಕ್ಸ್ ಮಶೀನಿನ ಡಿಸ್ಕು ಡೊಂಬಿವಲಿಯ ಲೋಕಲ್ ರೈಲಿನ ಹಾಗೆ ತುಂಬಿ ಕೂತಿತ್ತು.

"ಮೊದಲು ಜಾಗ ಮಾಡು, ಆಮೇಲೆ ರಜೆ ಕೇಳು," ಎಂದು ಮ್ಯಾನೇಜರ್ ಹರಿಶ್ಚಂದ್ರ ಕ್ಯಾಬಿನ್ ಬಾಗಿಲು ಹಾಕಿಕೊಂಡರು.

ತಾರಾನಾಥ ತನ್ನ ಡೈರೆಕ್ಟರಿ ನೋಡಿದರೆ, ಅದರೊಳಗೆ 'ರಿಪೋರ್ಟ್' ಎಂಬ ಇನ್ನೊಂದು! ಅದರ ತುಂಬಾ ಹರಿಶ್ಚಂದ್ರ ಸಾಹೇಬರದೇ ಸರಕು. "ಇವರ ಗುಜರಿಗೆ ನನ್ನ ಮನೆಯೇ ಬೇಕಾ?" ಎಂದು ಹಲ್ಲು ಕಡಿದು ಅಳಿಸಿಬಿಟ್ಟ. ಚೂರೂ ಜಾಗವಾಗಲಿಲ್ಲ.

"ಅದು ಬರೀ ಲಿಂಕು ಮಾರಾಯ್ರೆ!" ಪಕ್ಕದ ಮೇಜಿನ ಜಯಲತಾ ಕೂಗಿದಳು. "ಉದ್ದದ ದಾರಿ ಟೈಪ್ ಮಾಡುವುದು ಬೇಡಾಂತ ಎಲ್ಲರ ಹತ್ತಿರವೂ ನಾನೇ ಇಟ್ಟದ್ದು. ಅಸಲಿ ರಿಪೋರ್ಟ್ ಇರುವುದು ಸಾಹೇಬರ ಡೈರೆಕ್ಟರಿಯಲ್ಲಿ."

ಗೊಣಗುತ್ತಾ ಆಕೆ ಲಿಂಕನ್ನು ಮತ್ತೆ ಹಾಕಿದಳು. ಡಾಟಾ ಎಂಟ್ರಿಯ ಭೀಮು ಚಹಾ ಹಿಡಿದು ಬಂದೇಬಿಟ್ಟ. "ಅಣ್ಣಾ, ನೀ ಬೋರ್ಡ್ ಕಿತ್ತೀದಿ. ಅಂಗಡಿ ಹಂಗ ಐತಿ ನೋಡು!"

"ನಿನ್ನನ್ನು ಕೇಳಿದ್ದು ಯಾರು? ಹೋಗಾ ಅತ್ಲಾಗಿ!" ತಾರಾನಾಥ ರೇಗಿದ.

ನಿಜವೋ ಎಂದು ತಾರಾನಾಥ ಲಿಂಕಿನೊಳಗೆ ಹೊಕ್ಕ. ನಿಜವೇ. ಸಾಹೇಬರದ್ದನ್ನು ಮುಟ್ಟುವ ಹಾಗಿಲ್ಲ. "ನನ್ನ ಹಳೇದನ್ನೆಲ್ಲ ಸುಟ್ಟುಹಾಕ್ತೇನೆ, ಸಾಯ್ಲಿ!" ಎಂದು ಒಂದು ಮೆಟ್ಟಿಲು ಹಿಂದೆ ಬಂದು, ಕೀಬೋರ್ಡ್ ಹಾರುವಂತೆ ಕುಟ್ಟಿ, ಇದ್ದದ್ದನ್ನೆಲ್ಲ ಅಳಿಸಿದ. ಅರ್ಧ ಡಿಸ್ಕು ಖಾಲಿ!

"ಅಯ್ಯಯ್ಯೋ, ರಿಪೋರ್ಟೇ ಇಲ್ಲ!" ಜಯಲತಾ ಚೀರಿದಳು. "ಎಂತ ಮಾಡಿದ್ರಿ?"

"ಒಳಗೆ ಹೋದೆ, ಹಿಂದೆ ಬಂದೆ, ನನ್ನದನ್ನೇ ಅಳಿಸಿದೆ!"

"ಲಿಂಕಿನಿಂದ ಹೋದವರು ಹಿಂದೆ ಬಂದರೆ ಅವರ ಜಾಗಕ್ಕೆ ಬರುವುದಿಲ್ಲ! ನೀವು ನಿಂತದ್ದು ಸಾಹೇಬರ ಡೈರೆಕ್ಟರಿಯಲ್ಲಿ. ನಕಲು ತೆಗೆದಿಡುವ ಟೇಪ್ ಡ್ರೈವ್ ಬೇರೆ ರಿಪೇರಿಗೆ ಹೋಗಿದೆ, ಇನ್ನೊಂದು ಪ್ರತಿಯೂ ಇಲ್ಲ!"

"ಒಳಗ ಹೋಗಿದ್ದು ನಿನ್ನ ಬಾಗಿಲಾ, ಹೊರಗ ಬಂದಿದ್ದು ಅವರ ಅಂಗಳಾ," ಭೀಮು ಚಹಾ ಹೀರಿದ.

"ಬಾಯಿ ಮುಚ್ಚೋ!" ತಾರಾನಾಥ ಗದರಿದ. ಕೆಲಸ ಹೋದರೆ ಹುಡುಗಿಯ ಅಪ್ಪ ಹೊಸಿಲು ದಾಟಗೊಡುವನೇ?

ಅಷ್ಟರಲ್ಲಿ ಹರಿಶ್ಚಂದ್ರ ಬಂದು ಪರದೆಗೆ ಬಗ್ಗಿದರು. ಮುಖ ಅರಳಿತು.

"ಶಹಭಾಸ್! ಅರ್ಧ ಖಾಲಿ! ನೌಪಾಡಾ ಬ್ರಾಂಚಿನವರೂ ಬೆಳಿಗ್ಗೆಯಿಂದ ಇದೇ ಬೊಬ್ಬೆ. ನಾಳೆ ಹೋಗಿ ಅಲ್ಲೂ ಹೀಗೇ ಮಾಡಿಬಿಡು."

"ಸಾರ್, ನಾಳೆ ನನ್ನ ನಿಶ್ಚಿತಾರ್ಥ..."

"ಹುಡುಗಿ ಎಲ್ಲಿಗೆ ಓಡ್ತಾಳೆ ಮಾರಾಯ? ನಾಡಿದ್ದು ಮಾಡಿಕೋ." ಕ್ಯಾಬಿನ್ನಿಗೆ ಹೊರಟವರು ತಿರುಗಿ ನಿಂತರು. "ಹಾಂ, ಈಗಲೇ ನನ್ನ ರಿಪೋರ್ಟಿಂದೊಂದು ಪ್ರಿಂಟ್ ತೆಗೆದುಕೊಡು. ಹೆಡ್ಡಾಫೀಸಿನವರು ಬಂದು ಕೂತಿದ್ದಾರೆ."